ರಿಂಜಾನಿಯ ನೆರಳಲ್ಲಿ ನಾಲ್ಕು ದಿನ

ಹಿಮ್ಮಡಿ ಉಜ್ಜಲೆಂದು ಬಚ್ಚಲುಮನೆಯಲ್ಲಿ ಇಟ್ಟಿರುವ ಬೂದು ಬಣ್ಣದ ಹಗುರ ಕಲ್ಲನ್ನು ಒಮ್ಮೆ ನೀರು ತುಂಬಿದ ಬಕೆಟ್ಟಿಗೆ ಹಾಕಿ ನೋಡಿ. ಅಸಲಿ ಕಲ್ಲಾಗಿದ್ದರೆ ಅದು ತೇಲುತ್ತದೆ. ಜ್ವಾಲಾಮುಖಿಯ ಬಾಯಿಯಿಂದ ಚಿಮ್ಮಿದ ಕರಗಿದ ಬಂಡೆ, ಒಳಗಿನ ಗಾಳಿಗುಳ್ಳೆಗಳು ಹೊರಹೋಗುವ ಮೊದಲೇ ಗಟ್ಟಿಯಾಗಿ ಬಿಟ್ಟರೆ ಇಂತಹ ಕಲ್ಲಾಗುತ್ತದೆ. ಇಂಡೋನೇಷ್ಯಾದ ಲೊಂಬೊಕ್ ದ್ವೀಪದಲ್ಲಿ ಈ ಕಲ್ಲನ್ನು ನೆಲದಿಂದ ಅಗೆದು ಹೊರದೇಶಗಳಿಗೆ ಕಳುಹಿಸುತ್ತಾರೆ. ಹೊಸ ಜೀನ್ಸ್ ಪ್ಯಾಂಟನ್ನು ಹಳೆಯದರಂತೆ ಕಾಣಿಸಲು ಕಾರ್ಖಾನೆಗಳಲ್ಲಿ ಇದರೊಂದಿಗೆ ಹಾಕಿ ಒಗೆಯುತ್ತಾರಂತೆ. ಆ ಕಲ್ಲು ಅಲ್ಲಿ ಬಿದ್ದದ್ದು ಎಂದು ಗೊತ್ತೇ? 1257ರಲ್ಲಿ.

ಮಕ್ಕಳ ರಜೆಯಲ್ಲಿ ಎಲ್ಲಿಗಾದರೂ ಹೋಗಬೇಕು, ಹಣವೂ ಮಿತಿಯಲ್ಲಿರಬೇಕು, ಊಟದ ಚಿಂತೆಯೂ ಇರಬಾರದು ಎಂದು ಲೆಕ್ಕ ಹಾಕುವ ಸಹೋದರಿಯರಿಗೆ ನಾನು ಈ ದ್ವೀಪದ ಹೆಸರು ಹೇಳುತ್ತೇನೆ. ಪಕ್ಕದ ಬಾಲಿ ಎಲ್ಲರಿಗೂ ಗೊತ್ತು. ಸುಮಾರು 35 ಕಿಲೋಮೀಟರ್ ಅಗಲದ ಕಡಲು ದಾಟಿದರೆ ಸಿಗುವ ಲೊಂಬೊಕ್ ಅಷ್ಟಾಗಿ ಗೊತ್ತಿಲ್ಲ. 35 ಲಕ್ಷಕ್ಕೂ ಹೆಚ್ಚು ಜನ. ಬಹುಪಾಲು ಸಸಕ್ ಎಂಬ ಸಮುದಾಯದ ಮುಸ್ಲಿಮರು. ಇಂಡೋನೇಷ್ಯಾದವರು ಇದನ್ನು 'ಸಾವಿರ ಮಸೀದಿಗಳ ದ್ವೀಪ' ಎಂದು ಕರೆಯುತ್ತಾರೆ. ರಸ್ತೆಯಲ್ಲಿ ಹೋಗುವಾಗ ನಮ್ಮ ಮಗ ಮಿನಾರಗಳನ್ನು ಎಣಿಸಲು ಶುರುಮಾಡಿ ಅರ್ಧ ಗಂಟೆಯಲ್ಲಿ ಸುಸ್ತಾಗಿ ಬಿಟ್ಟುಬಿಟ್ಟ!

ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಕೌಲಾಲಂಪುರ, ಜಕಾರ್ತ ಅಥವಾ ಬಾಲಿಯಲ್ಲಿ ಇಳಿದು ಬದಲಾಯಿಸಬೇಕು. ವೀಸಾ ಅಲ್ಲಿ ಇಳಿದ ಮೇಲೆಯೇ ಸಿಗುತ್ತದೆ. ನವೆಂಬರಿನಿಂದ ಏಪ್ರಿಲ್ ತನಕ ಮಳೆಗಾಲ. ನಮ್ಮ ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಮೇ ತಿಂಗಳನ್ನೇ ಆರಿಸಿಕೊಳ್ಳಿ.

ಬೆಟ್ಟದ ಕಥೆ ಮೊದಲು ತಿಳಿದಿರಲಿ

ದ್ವೀಪದ ಉತ್ತರಾರ್ಧವನ್ನು ತುಂಬಿಕೊಂಡು ನಿಂತಿರುವುದು ರಿಂಜಾನಿ. 3,726 ಮೀಟರ್ ಎತ್ತರ. ಇಂಡೋನೇಷ್ಯಾದ ಜ್ವಾಲಾಮುಖಿಗಳಲ್ಲಿ ಎತ್ತರದಲ್ಲಿ ಇದು ಎರಡನೆಯದು. ಮೊದಲನೆಯದು ಸುಮಾತ್ರಾದಲ್ಲಿದೆ. ರಿಂಜಾನಿಗೆ ಒಂದು ಕಾಲದಲ್ಲಿ ಸಮಾಲಸ್ ಎಂಬ ಇನ್ನೊಂದು ಶಿಖರ ಜೊತೆಯಾಗಿತ್ತು. 1257ರಲ್ಲಿ ಅದು ಸಿಡಿಯಿತು. ಶಿಖರ ಕುಸಿದ ಜಾಗದಲ್ಲಿ ಎಂಟೂವರೆ ಕಿಲೋಮೀಟರ್ ಉದ್ದ, ಆರು ಕಿಲೋಮೀಟರ್ ಅಗಲದ ಕುಳಿ ಉಳಿಯಿತು. ಅದರೊಳಗೆ ಈಗ 'ಸೆಗಾರ ಅನಾಕ್' ಎಂಬ ಸರೋವರವಿದೆ. ಕಡಲಿನ ಕೂಸು ಎಂದು ಅದರ ಅರ್ಥ.

ಆ ಸ್ಫೋಟದ ಬೂದಿ ಮತ್ತು ಗಂಧಕ ಭೂಮಿಯನ್ನೇ ಸುತ್ತಿತು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಚಳಿ, ಮಳೆ, ಬೆಳೆನಾಶ. ಗ್ರೀನ್‌ಲ್ಯಾಂಡ್ ಮತ್ತು ದಕ್ಷಿಣ ಧ್ರುವದ ಹಿಮದ ಪದರಗಳಲ್ಲಿ ಆ ಗಂಧಕದ ಗುರುತು ವಿಜ್ಞಾನಿಗಳಿಗೆ ಸಿಕ್ಕಿತ್ತು. ಆದರೆ ಅದು ಯಾವ ಬೆಟ್ಟದ್ದೆಂದು ದಶಕಗಳ ಕಾಲ ತಿಳಿದಿರಲಿಲ್ಲ. 2013ರಲ್ಲಿ ಸಮಾಲಸ್‌ನ ಹೆಸರು ಹೊರಬಂತು. ಸ್ವಾರಸ್ಯವೆಂದರೆ, ಲೊಂಬೊಕ್‌ನ ಜನರ ಬಳಿ ಉತ್ತರ ಮೊದಲೇ ಇತ್ತು. 'ಬಾಬದ್ ಲೊಂಬೊಕ್' ಎಂಬ ಹಳೆಯ ತಾಳೆಗರಿ ಗ್ರಂಥದಲ್ಲಿ ಬೆಟ್ಟ ಕುಸಿದದ್ದು, ಪಮತನ್ ಎಂಬ ರಾಜಧಾನಿ ನಾಶವಾದದ್ದು, ಜನ ಓಡಿ ಹೋದದ್ದು ಎಲ್ಲವೂ ದಾಖಲಾಗಿತ್ತು. ಅಜ್ಜಿಯ ಮಾತನ್ನು ಮೊಮ್ಮಕ್ಕಳು ತಡವಾಗಿ ನಂಬುವುದು ಎಲ್ಲ ಮನೆಗಳಲ್ಲೂ ನಡೆಯುವುದೇ ತಾನೆ?

ಈ ಕಥೆಯನ್ನು ತಿಳಿದು ಹೊರಟರೆ ಅಲ್ಲಿಯ ಪ್ರತಿಯೊಂದು ನೋಟವೂ ಬೇರೆಯಾಗಿ ಕಾಣುತ್ತದೆ. ಜಲಪಾತ, ಗದ್ದೆ, ಕಪ್ಪು ಮರಳು, ತರಕಾರಿ ತೋಟ ಎಲ್ಲವೂ ಆ ಬೆಟ್ಟ ಕೊಟ್ಟದ್ದು. ಕಿತ್ತುಕೊಂಡದ್ದೂ ಅದೇ ಬೆಟ್ಟ.

ಉತ್ತರಕ್ಕೆ ಒಂದು ದಿನ

ರಾಜಧಾನಿ ಮತಾರಮ್‌ನಲ್ಲಿ ಕೋಣೆ ಹಿಡಿದರೆ ಎಲ್ಲ ಕಡೆಗೂ ಅನುಕೂಲ. ಚಾಲಕ ಸಹಿತ ಕಾರನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳಿ. ಸುಬ್ಹ್ ನಮಾಝ್ ಮುಗಿಸಿ ಹೊರಟರೆ ಬೆಟ್ಟದ ತಪ್ಪಲಿನ ಸೆನಾರು ಹಳ್ಳಿಗೆ ಎರಡೂವರೆ ಗಂಟೆ. ದಾರಿಯಲ್ಲಿ ಪುಸುಕ್ ಎಂಬ ಕಾಡಿನ ಘಟ್ಟ ಬರುತ್ತದೆ. ಅಲ್ಲಿ ಕೋತಿಗಳು ರಸ್ತೆಬದಿಯಲ್ಲೇ ಸಾಲಾಗಿ ಕುಳಿತಿರುತ್ತವೆ. ಕಿಟಕಿ ಮುಚ್ಚಿಯೇ ಇರಲಿ. ಆಗುಂಬೆ, ಚಾರ್ಮಾಡಿ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಸೆನಾರುವಿನಲ್ಲಿ ಎರಡು ಜಲಪಾತಗಳಿವೆ. ಮೊದಲನೆಯದಾದ ಸೆಂಡಾಂಗ್ ಗಿಲೆಗೆ ಮೆಟ್ಟಿಲಿಳಿದರೆ ಸಾಕು. ನನ್ನ ಅತ್ತೆ ಅರುವತ್ತೆಂಟರ ವಯಸ್ಸಿನಲ್ಲಿ ನಿಧಾನವಾಗಿ ಇಳಿದು ಹತ್ತಿದರು. ಎರಡನೆಯದಾದ ತಿಯು ಕೆಲೆಪ್‌ಗೆ ಇನ್ನೂ ಅರ್ಧ-ಮುಕ್ಕಾಲು ಗಂಟೆ ಕಾಡಿನೊಳಗೆ ನಡೆಯಬೇಕು. ತೊರೆಯನ್ನು ನೀರಿನಲ್ಲಿಳಿದೇ ದಾಟಬೇಕು. ಉದ್ದ ಬುರ್ಖಾ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡರೆ ಕಲ್ಲಿನ ಮೇಲೆ ಜಾರುವುದು ಖಂಡಿತ. ಸಡಿಲ ಸಲ್ವಾರಿನ ಮೇಲೆ ಮೊಣಕಾಲ ಕೆಳಗಿನ ತನಕ ಬರುವ ಅಂಗಿ, ಹಿಡಿತವಿರುವ ಚಪ್ಪಲಿ, ಒಂದು ಜೊತೆ ಒಣ ಬಟ್ಟೆ. ಇಷ್ಟಿರಲಿ. ದಾರಿಯುದ್ದಕ್ಕೂ ಪಕ್ಕದಲ್ಲೇ ಒಂದು ಕಾಲುವೆ ಹರಿಯುತ್ತದೆ. ಬೆಟ್ಟದ ನೀರನ್ನು ಕೆಳಗಿನ ಗದ್ದೆಗಳಿಗೆ ಒಯ್ಯುವ ಕಾಲುವೆ ಅದು. ಜಲಪಾತದ ಫೋಟೊ ತೆಗೆಯುವ ಭರಾಟೆಯಲ್ಲಿ ಯಾರೂ ಅದನ್ನು ನೋಡುವುದಿಲ್ಲ. ನನಗಂತೂ ಅದೇ ಹೆಚ್ಚು ಇಷ್ಟವಾಯಿತು.

ಶಿಖರ ಏರುವ ಆಸೆ ಮನೆಯ ಹುಡುಗರಿಗೆ ಬಂದೇ ಬರುತ್ತದೆ. ಅದು ಒಂದು ದಿನದ ಕೆಲಸವಲ್ಲ. ಎರಡು-ಮೂರು ದಿನ ಬೇಕು, ಅನುಮತಿ ಬೇಕು, ಮಾರ್ಗದರ್ಶಕ ಬೇಕು. ವರ್ಷದ ಮೊದಲ ತಿಂಗಳುಗಳಲ್ಲಿ, ಮಳೆಯ ಕಾರಣಕ್ಕೆ, ದಾರಿಯನ್ನೇ ಮುಚ್ಚುತ್ತಾರೆ. 2025ರ ಜೂನ್‌ನಲ್ಲಿ ಶಿಖರದ ದಾರಿಯಲ್ಲಿ ಜಾರಿಬಿದ್ದ ಬ್ರೆಝಿಲ್‌ನ ಯುವತಿಯೊಬ್ಬಳನ್ನು ಜೀವಂತವಾಗಿ ಮೇಲೆತ್ತಲು ಆಗಲಿಲ್ಲ. ಕುಟುಂಬದೊಂದಿಗೆ ಹೋದವರು ಕೆಳಗಿನಿಂದಲೇ ನೋಡಿ ತೃಪ್ತಿಪಟ್ಟುಕೊಳ್ಳುವುದು ಲೇಸು.

ಬಿದಿರಿನ ಮಸೀದಿ

ಸೆನಾರುವಿನ ಸಮೀಪದಲ್ಲೇ ಬಾಯನ್ ಎಂಬ ಹಳ್ಳಿಯಿದೆ. ಪ್ರವಾಸಿಗರ ಕಾರುಗಳು ಹೆಚ್ಚಾಗಿ ಅಲ್ಲಿ ನಿಲ್ಲುವುದಿಲ್ಲ. ನೀವು ನಿಲ್ಲಿಸಿ. ದ್ವೀಪದ ಅತ್ಯಂತ ಹಳೆಯ ಮಸೀದಿಗಳಲ್ಲೊಂದಾದ ಬಾಯನ್ ಬೆಲೆಕ್ ಅಲ್ಲಿದೆ. ಇಸ್ಲಾಮ್ ಈ ದ್ವೀಪಕ್ಕೆ ಬಂದ ಆರಂಭದ ಕಾಲದ ನೆನಪು ಅದು. ಗುಮ್ಮಟ, ಮಿನಾರ, ಅಮೃತಶಿಲೆ ಯಾವುದೂ ಇಲ್ಲ. ಹೊಳೆಕಲ್ಲಿನ ಅಡಿಪಾಯ, ಮಣ್ಣಿನ ನೆಲ, ಹೆಣೆದ ಬಿದಿರಿನ ಗಿಡ್ಡ ಗೋಡೆ, ಸೀಳಿದ ಬಿದಿರಿನ ಮಾಡು. ಈಗ ಅಲ್ಲಿ ದಿನನಿತ್ಯದ ನಮಾಝ್ ನಡೆಯುವುದಿಲ್ಲ. ಮೌಲಿದ್‌ನಂತಹ ಕೆಲವೇ ಸಂದರ್ಭಗಳಲ್ಲಿ ಬಾಗಿಲು ತೆರೆಯುತ್ತಾರೆ. ಹೊರಗಿನಿಂದ ನೋಡಬಹುದು.

2018ರಲ್ಲಿ ಲೊಂಬೊಕ್ ನಡುಗಿತು. ಜುಲೈ 29ರಂದು ಮೊದಲ ಭೂಕಂಪ; ರಿಂಜಾನಿಯ ಮೇಲೆ ಐನೂರಕ್ಕೂ ಹೆಚ್ಚು ಚಾರಣಿಗರು ಸಿಕ್ಕಿಹಾಕಿಕೊಂಡರು. ವಾರ ಕಳೆದು ಆಗಸ್ಟ್ 5ರ ರಾತ್ರಿ ಇಶಾ ನಮಾಝಿನ ಹೊತ್ತಿಗೆ ಇನ್ನೂ ದೊಡ್ಡದು ಬಂತು. ಉತ್ತರ ಲೊಂಬೊಕ್‌ನ ಒಂದು ಮಸೀದಿ ನಮಾಝಿನಲ್ಲಿದ್ದವರ ಮೇಲೆಯೇ ಕುಸಿಯಿತು. ಒಟ್ಟು 560ಕ್ಕೂ ಹೆಚ್ಚು ಜನ ತೀರಿಕೊಂಡರು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟು ಡೇರೆಗಳಲ್ಲಿ ಮಲಗಿದರು. ಬೆಟ್ಟ ಸಿಡಿದದ್ದರಿಂದ ಆದ ಭೂಕಂಪವಲ್ಲ ಅದು. ದ್ವೀಪದ ಉತ್ತರಕ್ಕೆ ನೆಲದಾಳದಲ್ಲಿರುವ ಬಿರುಕು ಜರುಗಿದ್ದರಿಂದ ಆದದ್ದು. ಇಟ್ಟಿಗೆ, ಸಿಮೆಂಟಿನ ಹೊಸ ಮನೆಗಳು ಸಾಲಾಗಿ ಉರುಳಿದವು. ಬಿದಿರು, ಮರದ ಹಳೆಯ ಮನೆಗಳು ಬಳುಕಿ ನಿಂತವು. ಬಾಯನ್‌ನ ಆ ಬಿದಿರಿನ ಮಸೀದಿಯೂ ನಿಂತಿತು.

ಅಲ್ಲಿ ಎಳನೀರು ಮಾರುತ್ತಿದ್ದ ಹೆಂಗಸೊಬ್ಬರು ನಮ್ಮ ಚಾಲಕನ ಮೂಲಕ ಅತ್ತೆಯೊಡನೆ ಮಾತಿಗಿಳಿದರು. ಭೂಕಂಪದ ನಂತರ ಎರಡು ವರ್ಷ ತಾವು ಮನೆಯೊಳಗೆ ಮಲಗಲೇ ಇಲ್ಲವೆಂದೂ, ಈಗಲೂ ರಾತ್ರಿ ಬಾಗಿಲಿಗೆ ಚಿಲಕ ಹಾಕುವುದಿಲ್ಲವೆಂದೂ ಹೇಳಿದರು. ಓಡಬೇಕಾಗಿ ಬಂದರೆ ಕತ್ತಲಲ್ಲಿ ಚಿಲಕ ಹುಡುಕುವುದು ಯಾರು? ಎಳನೀರಿನ ಹಣಕ್ಕೆ ನಾವು ಚಿಲ್ಲರೆ ವಾಪಸು ಕೇಳಲಿಲ್ಲ. ಆಕೆ ಎಣಿಸಿ ಕೊಟ್ಟೇ ಬಿಟ್ಟರು.

ಸೆಂಬಾಲುನ್‌ನ ಬೆಳ್ಳುಳ್ಳಿ

ಬೆಟ್ಟದ ಪೂರ್ವದ ಕಣಿವೆ ಸೆಂಬಾಲುನ್. ಸಾವಿರ ಮೀಟರಿಗೂ ಮೇಲಿರುವುದರಿಂದ ಚಳಿ ಇದೆ, ಸ್ವೆಟರ್ ಬೇಕು. ಬೂದಿ ಬಿದ್ದ ಮಣ್ಣು ಎಷ್ಟು ಫಲವತ್ತು ಎಂಬುದನ್ನು ಅಲ್ಲಿ ನೋಡಬೇಕು. ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಸ್ಟ್ರಾಬೆರಿ. ತೋಟಕ್ಕೆ ಇಳಿದು ಮಕ್ಕಳೇ ಸ್ಟ್ರಾಬೆರಿ ಕೊಯ್ದು ತೂಗಿಸಿಕೊಳ್ಳಬಹುದು. ಸೆಲೊಂಗ್ ಎಂಬ ಗುಡ್ಡದ ಮೇಲೆ ಹತ್ತು ನಿಮಿಷ ಹತ್ತಿದರೆ, ಕೆಳಗಿನ ಹೊಲಗಳು ಅಜ್ಜಿ ಹೊಲಿದ ಚಿಂದಿ ಕೌದಿಯಂತೆ ಹರಡಿರುತ್ತವೆ. ಅರ್ಧ ದಿನ ಸಾಕು.

ಮಗ್ಗದ ಊರುಗಳು

ದಕ್ಷಿಣಕ್ಕೆ ಬಂದರೆ ಬೆಟ್ಟ ದೂರವಾಗಿ ಬಯಲು, ಗುಡ್ಡ, ಕಡಲು. ಇಲ್ಲಿಯ ಒಂದು ದಿನವನ್ನು ಸಸಕ್ ಹೆಂಗಸರ ಜೊತೆ ಕಳೆಯಿರಿ. ಸುಕರಾರಾ ಹಳ್ಳಿಯಲ್ಲಿ ನೇಯುವವರು ಹೆಂಗಸರೇ. ನೆಲದ ಮೇಲೆ ಕಾಲು ಚಾಚಿ ಕುಳಿತು, ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಇಡೀ ದೇಹದ ಬಿಗಿಯಿಂದ ನೂಲನ್ನು ಎಳೆದು ಹಿಡಿಯುತ್ತಾರೆ. ಜರಿ ಎಳೆ ಸೇರಿಸಿದ 'ಸೊಂಗ್‌ಕೆಟ್' ಬಟ್ಟೆಯ ಒಂದು ತುಂಡಿಗೆ ತಿಂಗಳೇ ಹಿಡಿಯುತ್ತದೆ. ನೇಯ್ಗೆ ಕಲಿಯದ ಹುಡುಗಿಗೆ ಮದುವೆಯಿಲ್ಲ ಎಂಬುದು ಅಲ್ಲಿಯ ಹಳೆಯ ಕಟ್ಟಳೆ. ನಮ್ಮ ಬೀಡಿ ಕಟ್ಟುವ ಮನೆಗಳ ಹುಡುಗಿಯರು ನೆನಪಾದರು.

ಒಂದು ಎಚ್ಚರಿಕೆಯ ಮಾತು. ಬಾಡಿಗೆ ಕಾರಿನವರು ಮೊದಲು ನಿಮ್ಮನ್ನು ದೊಡ್ಡ ಬಟ್ಟೆ ಅಂಗಡಿಗೆ ಒಯ್ಯುತ್ತಾರೆ. ನಮ್ಮನ್ನೂ ಒಯ್ದರು. ಅಲ್ಲಿ ಮೊದಲ ದಿನವೇ ನಾನು ಕೊಂಡ 'ಕೈಮಗ್ಗದ' ಶಾಲು ಯಂತ್ರದ್ದೆಂದು ಮರುದಿನ ನೇಕಾರ ಹೆಂಗಸೊಬ್ಬರು ಅಂಚು ತಿರುಗಿಸಿ ತೋರಿಸಿದರು. ಆದ್ದರಿಂದ ಹಳ್ಳಿಯ ಒಳಗೆ ನಡೆದು ಹೋಗಿ. ಮಗ್ಗದ ಮೇಲೆ ಕುಳಿತವರ ಬಳಿಯೇ ಕೇಳಿ. ಅವರೊಡನೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಸಾದೆ ಎಂಬ ಹಳ್ಳಿಯಲ್ಲಿ ಹುಲ್ಲುಮಾಡಿನ ಮನೆಗಳಿವೆ. ಮಾಡು ಎಷ್ಟು ತಗ್ಗಾಗಿದೆಯೆಂದರೆ ಬಂದವರು ತಲೆ ಬಾಗಿಸಿಯೇ ಒಳಹೋಗಬೇಕು. ಮುಂಭಾಗ ಗಂಡಸರಿಗೆ, ಅತಿಥಿಗಳಿಗೆ; ಮೆಟ್ಟಿಲೇರಿದರೆ ಒಳಗಿನ ಭಾಗ ಹೆಂಗಸರಿಗೆ, ಅಡುಗೆಗೆ. ನೆಲಕ್ಕೆ ಸೆಗಣಿ ಸಾರಿಸುವುದನ್ನು ಮಾರ್ಗದರ್ಶಕ ಬಹಳ ವಿಚಿತ್ರ ಸಂಗತಿಯಂತೆ ವರ್ಣಿಸುತ್ತಿದ್ದ. ವಿದೇಶೀಯರು ಬಾಯಿ ತೆರೆದು ಕೇಳುತ್ತಿದ್ದರು. "ಇದನ್ನು ನೋಡಲು ವಿಮಾನ ಹತ್ತಿ ಬಂದೆವಾ?" ಎಂದು ಅತ್ತೆ ನಕ್ಕರು. ಮತ್ತೆ ಬಗ್ಗಿ ನೆಲ ಮುಟ್ಟಿ ನೋಡಿ, "ಚೆನ್ನಾಗಿ ಸಾರಿಸಿದ್ದಾರೆ" ಎಂದರು.

ಅಲ್ಲಿಂದ ಸ್ವಲ್ಪ ದೂರದಲ್ಲಿ ತಂಜುಂಗ್ ಆನ್ ಕಡಲ ಕಿನಾರೆ. ಅಲ್ಲಿಯ ಒಂದು ಭಾಗದ ಮರಳು ಕಾಳುಮೆಣಸಿನಷ್ಟು ದುಂಡಗೆ ಇರುತ್ತದೆ. ಕಡಲಿನ ಸೂಕ್ಷ್ಮ ಜೀವಿಗಳ ಚಿಪ್ಪು ಅದು. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಕಡಲಿನ ದಿನ

ಗಿಲಿ ಎಂದರೆ ಸಸಕ್ ಭಾಷೆಯಲ್ಲಿ ಸಣ್ಣ ದ್ವೀಪ. ಬಂಗ್ಸಾಲ್ ಬಂದರಿನಿಂದ ದೋಣಿಯಲ್ಲಿ ಹೋಗುವ ಮೂರು ಗಿಲಿಗಳಲ್ಲಿ ಮೋಟಾರು ವಾಹನವಿಲ್ಲ. ಸೈಕಲ್ ಇಲ್ಲವೇ ಕುದುರೆ ಗಾಡಿ. ತ್ರಾವಂಗನ್‌ನಲ್ಲಿ ರಾತ್ರಿಯ ಮೋಜು, ಮದ್ಯದ ಗದ್ದಲ ಹೆಚ್ಚು. ಕುಟುಂಬಕ್ಕೆ ಗಿಲಿ ಆಯರ್ ಹಿತ. ಸ್ಥಳೀಯ ಮನೆಗಳು, ಮಸೀದಿ, ಶಾಲೆ ಇರುವ ದ್ವೀಪ ಅದು. ಬೆಳಗ್ಗಿನ ದೋಣಿಯಲ್ಲಿ ಹೋಗಿ ಅಸರ್‌ಗೆ ಮೊದಲು ಮರಳಿ. ಸಂಜೆ ಕಡಲು ಒರಟಾಗುತ್ತದೆ.

ಊಟಕ್ಕೆ ತಲಿವಾಂಗ್ ಕೋಳಿ ತಿನ್ನದೆ ಬರಬೇಡಿ. ಎಳೆಯ ಕೋಳಿಯನ್ನು ಮೆಣಸಿನ ಅರಪು ಹಚ್ಚಿ ಕೆಂಡದ ಮೇಲೆ ಸುಡುತ್ತಾರೆ. ಜಾವಾದ ಮಾತಿನಲ್ಲಿ ಲೊಂಬೊಕ್ ಎಂದರೇ ಮೆಣಸು! ಮಂಗಳೂರಿನ ನಾಲಿಗೆಯವರಿಗೆ ಭಯವಿಲ್ಲ, ಮಕ್ಕಳಿಗೆ ಮಾತ್ರ ಬೇರೆ ಹೇಳಿ.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಹೇಳಲೇಬೇಕು. ನಾಲ್ಕು ದಿನ ತಿರುಗಿದರೂ ನಮಾಝಿಗಾಗಿ ನಾವು ಹೆಂಗಸರು ಕಾರಿನಲ್ಲಿ ಕಾದು ಕುಳಿತದ್ದಿಲ್ಲ. ಪೆಟ್ರೋಲ್ ಬಂಕಿನಲ್ಲೂ ಒಂದು ಮುಸಲ್ಲಾ ಇರುತ್ತದೆ. ಮಸೀದಿಗಳಲ್ಲಿ ಹೆಂಗಸರಿಗೆ ಜಾಗ, ವುಝೂವಿಗೆ ನಲ್ಲಿ. 'ಮುಕೆನಾ' ಎಂಬ ಬಿಳಿಯ ನಮಾಝಿನ ಉಡುಪನ್ನೂ ಮಡಚಿ ಇಟ್ಟಿರುತ್ತಾರೆ. ನಮ್ಮೂರಲ್ಲಿ ಪ್ರಯಾಣ ಹೊರಟಾಗ ಝುಹರ್ ಎಲ್ಲಿ, ಅಸರ್ ಎಲ್ಲಿ ಎಂದು ಸಂಬಂಧಿಕರ ಮನೆಗಳನ್ನು ಲೆಕ್ಕ ಹಾಕುವ ನನಗೆ, ಇದೊಂದೇ ಸಾಕಾಗಿತ್ತು.

ಮರಳುವ ದಿನ ಪ್ರಾಯಾದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಬೇಗ ಹೋಗಿ. ಹೊರಗೆ ಜನಸಾಗರವೇ ಇರುತ್ತದೆ. ಲೊಂಬೊಕ್‌ನ ಗಂಡಸರು ಮಲೇಷ್ಯಾದ ತಾಳೆ ತೋಟಗಳಿಗೆ, ಹೆಂಗಸರು ಮನೆಗೆಲಸಕ್ಕೆಂದು ಹೊರದೇಶಗಳಿಗೆ ಹೋಗುತ್ತಾರೆ. ಒಬ್ಬರನ್ನು ಕಳುಹಿಸಲು ಇಡೀ ಓಣಿಯೇ ಗಾಡಿ ಮಾಡಿಕೊಂಡು ಬಂದಿರುತ್ತದೆ. ನೆಲದ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚಿರುತ್ತಾರೆ. ಗಲ್ಫಿಗೆ ಹೋಗುವವರನ್ನು ಕಳುಹಿಸಲು ಬಜ್ಪೆಯಲ್ಲಿ ನಾವು ನಿಂತ ಹಾಗೆಯೇ. ಇಪ್ಪತ್ತೆರಡರ ಆಸುಪಾಸಿನ ಒಬ್ಬಳು ತಾಯಿ ಒಳಗೆ ಹೋಗುವ ಬಾಗಿಲ ಬಳಿ ನಿಂತಿದ್ದಳು. ಅವಳ ಪುಟ್ಟ ಮಗಳು ಅಜ್ಜಿಯ ಕಂಕುಳಲ್ಲಿ ರಚ್ಚೆ ಹಿಡಿದಿತ್ತು. ಅತ್ತೆ ಚೀಲದಿಂದ ಸೆಂಬಾಲುನ್‌ನ ಸ್ಟ್ರಾಬೆರಿ ಪೊಟ್ಟಣ ತೆಗೆದು ಆ ಮಗುವಿನ ಕೈಗಿಟ್ಟರು. ಅದು ಅಳು ನಿಲ್ಲಿಸಿ ಒಂದೊಂದನ್ನೇ ತಿನ್ನತೊಡಗಿತು. ಅಷ್ಟರಲ್ಲಿ ತಾಯಿ ಒಳಗೆ ಹೋಗಿಯಾಗಿತ್ತು.