ಕಕ್ಕಸಿನ ಕಂಡಿಯೂ ಕನ್ಸರ್ವೆನ್ಸಿಯ ಹರಟೆಯೂ

ಸಂಜೆ ಹೊತ್ತಿನಲ್ಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಇಬ್ಬರು ನಿಂತು ಮಾತಾಡಬೇಕೆಂದರೆ ಧೈರ್ಯ ಬೇಕು. ಬೆನ್ನಿಗೆ ಸ್ಕೂಟರು, ಎದುರಿಗೆ ತಳ್ಳುಗಾಡಿ, ಪಕ್ಕದಲ್ಲಿ ಕಾರೊಂದರ ರಿವರ್ಸ್ ಸಂಗೀತ. ಅಲ್ಲೇ ಒಂದು ಕ್ರಾಸ್‌ಗೆ ತಿರುಗಿ ಎರಡು ಸಾಲು ಮನೆಗಳ ಬೆನ್ನುಗಳ ನಡುವಿನ ಸಂದಿಗೆ ಹೊಕ್ಕರೆ ಗದ್ದಲ ತಟ್ಟನೆ ಇಳಿಯುತ್ತದೆ. ಬೆಂಗಳೂರಿನವರಿಗೆ ಕನ್ಸರ್ವೆನ್ಸಿ ಎಂದರೆ ಸಾಕು, ವಿವರಿಸಬೇಕಿಲ್ಲ.

ಈಚೆಗೆ ಅಂಥ ಕೆಲವು ಸಂದಿಗಳನ್ನು ಗುಡಿಸಿ, ಗೋಡೆಗೆ ಚಿತ್ರ ಬರೆಸಿದ್ದಾರೆ. ನಾನು ಹೋದದ್ದೂ ಚಿತ್ರ ನೋಡಲೆಂದೇ. ಕಣ್ಣಿಗೆ ಬಿದ್ದದ್ದು ಮಾತ್ರ ಹಳೆಯ ಹಿಂಗೋಡೆಯೊಂದರ ಬುಡದಲ್ಲಿ ಸಿಮೆಂಟು ಮೆತ್ತಿ ಮುಚ್ಚಿದ ಒಂದು ಚೌಕ. ಮೊಣಕಾಲಿಗಿಂತ ಕೆಳಗೆ, ಬಕೆಟ್ಟೊಂದು ನುಸುಳುವಷ್ಟು ಅಗಲ, ಮೇಲೆ ಕಲ್ಲಿನ ತುಂಡು. ನಾನು ಕುಕ್ಕರಗಾಲಲ್ಲಿ ಕೂತು ಅದನ್ನು ಸವರುತ್ತಿದ್ದಾಗ ಎದುರು ಹಿತ್ತಿಲಿನ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: ‘ಏನ್ರೀ ಕಳಕೊಂಡ್ರಿ?’

‘ಇದೇನು ಅಂತ ನೋಡ್ತಿದೀನಿ ಅಜ್ಜಿ.’

‘ಕಕ್ಕಸಿನ ಕಂಡಿ. ನಮ್ಮತ್ತೆ ಕಾಲದ್ದು. ಅದನ್ನ ಯಾರಪ್ಪಾ ನೋಡೋಕೆ ಬರ್ತಾರೆ!’

ನಾನು ಬಂದಿದ್ದೆ, ಮತ್ತೆ ಹುಡುಕಿಕೊಂಡು ಹೊರಟೆ ಕೂಡ. ಒಂದು ಕಡೆ ಕಂಡಿಯ ಜಾಗದಲ್ಲಿ ಇಟ್ಟಿಗೆಯ ಬಣ್ಣ ಬೇರೆ. ಇನ್ನೊಂದು ಕಡೆ ಬಾಗಿಲು ಹೋಗಿ ತುಕ್ಕು ಹಿಡಿದ ತಿರುಗಣಿಯೊಂದು ಉಳಿದಿದೆ. ಹೊಸ ಅಪಾರ್ಟ್‌ಮೆಂಟು ಎದ್ದಲ್ಲಿ ಗೋಡೆಯೇ ಇಲ್ಲ. ಮನೆ ಮುಂದಿನ ಮರದ ಜಾಲರಿ, ಬಣ್ಣದ ಗಾಜುಗಳನ್ನು ಫೋಟೊ ತೆಗೆಯುವವರು ಊರು ತುಂಬ ಇದ್ದಾರೆ. ಈ ಊರು ನಿಜಕ್ಕೂ ಹೇಗೆ ನಡೆಯುತ್ತಿತ್ತೆಂದು ಹೇಳುವ ಕಂಡಿಗಳ ಪಟ್ಟಿಯನ್ನು ಯಾರಾದರೂ ಮಾಡಬೇಕು.

ಇತಿಹಾಸ ಗೊತ್ತಿರುವುದೇ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಪೇಟೆಯ ಇಕ್ಕಟ್ಟು ಎಲ್ಲರನ್ನೂ ಹೆದರಿಸಿತು, ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ನೇರ ಬೀದಿ, ಗಾಳಿ, ಬೆಳಕು, ಮನೆ ಸುತ್ತ ಜಾಗ. ನಿವೇಶನಗಳನ್ನು ಜಾತಿ, ಮತ ನೋಡಿ ಹಂಚಿದರು. ಮನೆಗಳ ಬೆನ್ನಿಗೆ ಈ ಸಂದಿ. ಮಲ ಹೊರುವವರು ಮುಂಬಾಗಿಲಿಗೆ ಬರಕೂಡದು, ಮನೆಯವರ ಕಣ್ಣಿಗೂ ಬೀಳಕೂಡದು. ಹಿಂದಿನಿಂದ ಬಂದು, ಕಂಡಿಗೆ ಕೈ ಹಾಕಿ, ಬಕೆಟ್ಟು ಎಳೆದು ಖಾಲಿ ಮಾಡಿಕೊಂಡು ಹೋಗಬೇಕು. ನಕ್ಷೆ ಬರೆದವರು ಆರೋಗ್ಯವನ್ನೂ ಅಸ್ಪೃಶ್ಯತೆಯನ್ನೂ ಒಂದೇ ಅಳತೆಪಟ್ಟಿಯಲ್ಲಿ ಎಳೆದಿದ್ದರು. ಒಳಚರಂಡಿ ಬಂದ ಮೇಲೂ ತಲೆಯ ಮೇಲೆ ಮಲ ಹೊರುವ ಪದ್ಧತಿ ರಾಜ್ಯದಲ್ಲಿ ನಿಲ್ಲಲಿಲ್ಲ. ಅದಕ್ಕೆ ತಡೆ ಹಾಕಲು 1970ರ ದಶಕದಲ್ಲಿ ಅರಸು ಸಂಪುಟದ ಬಿ. ಬಸವಲಿಂಗಪ್ಪನವರೇ ಬರಬೇಕಾಯಿತು.

ಇಂಥ ಹಿತ್ತಿಲ ಓಣಿಗಳು ಲೋಕದಲ್ಲಿ ಬೇರೆಡೆಯೂ ಇವೆ. ಸಿಂಗಪುರದಲ್ಲಿ ಅಂಗಡಿಮನೆಗಳ ಬೆನ್ನಿಗೆ ಇವೆ, ಮೆಲ್ಬರ್ನಿನ ಹಳೆಯ ಬಡಾವಣೆಗಳಲ್ಲಿ ಕರಿಗಲ್ಲು ಹಾಸಿಕೊಂಡು ಮಲಗಿವೆ. ಮೆಲ್ಬರ್ನಿನ ಮನೆಗಳು ಒಳಚರಂಡಿಗೆ ಸೇರತೊಡಗಿದ್ದು 1897ರಲ್ಲಿ. ಅಲ್ಲಿ ಬಕೆಟ್ಟು ಹೊರಟ ಮರುವರ್ಷವೇ ಇಲ್ಲಿ ನಾವು ಬಕೆಟ್ಟಿಗೆಂದೇ ದಾರಿ ಬಿಟ್ಟ ಬಡಾವಣೆಗಳಿಗೆ ಓಡುತ್ತಿದ್ದೆವು. ಈ ಕಾಕತಾಳೀಯ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ.

ಅಷ್ಟು ಹೊಲಸು ಉದ್ದೇಶಕ್ಕೆ ಹುಟ್ಟಿದ ದಾರಿಯಲ್ಲಿ ಈಗ ಕಾಣುವುದೇನು? ಅಜ್ಜಿ ಸೊಪ್ಪು ಬಿಡಿಸುತ್ತಾರೆ, ಆಚೆ ಹಿತ್ತಿಲಿನವರು ಬಟ್ಟೆ ಒಣಗಿಸುತ್ತ ಅವರೊಂದಿಗೆ ಹುಳಿಗೆ ಬೇಳೆ ಎಷ್ಟು ಎಂದು ಚರ್ಚಿಸುತ್ತಾರೆ, ಹುಡುಗರು ಗೋಡೆಗೆ ಸೀಮೆಸುಣ್ಣದಲ್ಲಿ ವಿಕೆಟ್ಟು ಬರೆದಿದ್ದಾರೆ. ಮುಂಬಾಗಿಲಲ್ಲಿ ಇದೇ ಜನ ಒಬ್ಬರಿಗೊಬ್ಬರು ಸಿಗುವುದು ಅಪರೂಪ. ಅಲ್ಲಿ ಕಾಂಪೌಂಡು, ಗೇಟು, ಚರಂಡಿಯ ಮೇಲೆ ಕಾರಿಗಾಗಿ ಹಾಕಿದ ಇಳಿಜಾರು, ಕ್ಯಾಮೆರಾ. ಜಗಲಿ ಇದ್ದ ಕಡೆ ಈಗ ಕಾರು ಮಲಗಿರುತ್ತದೆ. ಹಿತ್ತಿಲಲ್ಲಿ ಯಾರೂ ಯಾರ ಮುಂದೆಯೂ ದೊಡ್ಡಸ್ತಿಕೆ ತೋರಬೇಕಿಲ್ಲ. ನೈಟಿಯಲ್ಲೇ, ಲುಂಗಿಯಲ್ಲೇ ಮಾತಾಡಬಹುದು.

ಡೊನಾಲ್ಡ್ ಆ್ಯಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ಬಗೆಯ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ದಿನಕ್ಕೆ ಸುಮಾರು 2,000 ವಾಹನ ಹಾಯುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ 3 ಗೆಳೆಯರು, 6.3 ಪರಿಚಿತರು. 16,000 ವಾಹನ ಹಾಯುವ ಬೀದಿಯಲ್ಲಿ ಗೆಳೆಯರು 0.9, ಪರಿಚಿತರು 3.1. ಮೂರೇ ಬೀದಿ ನೋಡಿ ಲೋಕದ ಮಾತಾಡಬಹುದೇ ಎಂಬ ಗುಮಾನಿ ನನಗಿದೆ, ಆ 0.9 ಗೆಳೆಯ ಹೇಗಿರುತ್ತಾನೋ ಅದೂ ತಿಳಿಯದು. ಆದರೂ ಸಂಪಿಗೆ ರಸ್ತೆಯಿಂದ ಸಂದಿಗೆ ಇಳಿದವರಿಗೆ ಆ ಲೆಕ್ಕ ತಳ್ಳಿಹಾಕಲು ಬಾಯಿ ಬರುವುದಿಲ್ಲ. ಆ್ಯಪಲ್‌ಯಾರ್ಡ್ ತಮ್ಮ ಪುಸ್ತಕ ತಂದದ್ದು 1981ರಲ್ಲಿ; ಮರುವರ್ಷ ಅಥೆನ್ಸಿನಲ್ಲಿ ವೇಗವಾಗಿ ಬಂದ ಕಾರೊಂದು ಬಡಿದು ತೀರಿಕೊಂಡರು.

ಬೆಂಗಳೂರಿನಲ್ಲಿ ಒಳಚರಂಡಿ ಬಂದ ಮೇಲಿನ ಬಡಾವಣೆಗಳಲ್ಲಿ ಸಂದಿಗೆ ಕೆಲಸವಿರಲಿಲ್ಲ, ಕೈಬಿಟ್ಟರು. ಈಗ ಮೂವತ್ತು ನಲವತ್ತರ ನಿವೇಶನದ ಹಿಂದೆ ಇಬ್ಬರೂ ಮನೆಯವರು ಬಿಟ್ಟ ಗೇಣು ಜಾಗ ಸೇರಿದರೂ ಅಲ್ಲಿ ಪಂಪು, ಗ್ಯಾಸ್ ಸಿಲಿಂಡರು, ಒಡೆದ ಕಮೋಡು ಬಿಟ್ಟು ಯಾರೂ ವಾಸಿಸುವುದಿಲ್ಲ. ನಡುವೆ ಗೋಡೆ ಬೇರೆ.

ಹಾಗೆಂದು ಕನ್ಸರ್ವೆನ್ಸಿಯನ್ನು ಮುದ್ದಾಡಲೂ ನನಗೆ ಮನಸ್ಸಾಗದು. ನಾನು ಅಡ್ಡಾಡಿದ ಸಂದಿಗಳ ಗೋಡೆಗಳಲ್ಲಿ ಹೂವಿದೆ, ಹಕ್ಕಿ ಇದೆ, ವೀಣೆ ಹಿಡಿದ ಹೆಂಗಸಿದ್ದಾಳೆ. ಈ ದಾರಿ ಯಾರ ಕಾಲಿಗಾಗಿ ಹುಟ್ಟಿತೋ ಅವರ ಚಿತ್ರ ನನಗೆ ಸಿಗಲಿಲ್ಲ. ಮಧ್ಯಾಹ್ನ ನೆರಳಿಗೆ ಬಂದು ಡಬ್ಬಿ ಬಿಚ್ಚಿದ್ದ ಇಬ್ಬರು ಪೌರಕಾರ್ಮಿಕ ಹೆಂಗಸರಿಗೆ ಕೂರಲು ಒಂದು ಕಲ್ಲುಬೆಂಚೂ ಇರಲಿಲ್ಲ. ಮುಚ್ಚಿದ ಕಂಡಿಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು.

ಸಂದಿಯನ್ನು ‘ಅಭಿವೃದ್ಧಿ’ ಮಾಡುತ್ತಾರಂತೆ ಎಂದು ಅಜ್ಜಿಗೆ ಯಾರೋ ಹೇಳಿದ್ದಾರೆ. ದೀಪ ಬರಲಿ, ಹುಡುಗಿಯರು ಕತ್ತಲಲ್ಲಿ ಓಡಾಡುತ್ತಾರೆ ಎಂದರು. ಬೆಂಚು ಬೇಕೇ ಎಂದೆ. ಬೇಕು ಎಂದರು. ಕಾಫಿ ಅಂಗಡಿ? ಅದಕ್ಕೆ ಬೇಡ ಎಂದು ತಲೆಯಾಡಿಸಿದರು. ಕಾರು ನಿಲ್ಲಿಸಲು ಜಾಗ ಮಾಡುತ್ತಾರೇನೋ ಎಂಬುದೇ ಅವರ ಚಿಂತೆ. ಮಗನೇ ಅದಕ್ಕೆ ಅರ್ಜಿ ಬರೆಯುತ್ತಿದ್ದಾನಂತೆ.