ಬಿಸಿಲಿನ ದಿನದ ಕಳ್ಳ ಕಡಲು

ಶಾಲಾ ಪರೀಕ್ಷೆಗಳು ಮುಗಿದು ಮೇ ತಿಂಗಳು ಬಂತೆಂದರೆ ಮುಂಬಯಿಯ ನಮ್ಮಂಥ ಕುಟುಂಬಗಳು ಮತ್ಸ್ಯಗಂಧ ರೈಲನ್ನೇರಿ ಊರಿಗೆ ಹೊರಡುವುದು ವಾಡಿಕೆ. ಮದುವೆ, ಉಪನಯನ, ನೇಮ, ಅಜ್ಜನ ಮನೆಯ ಹಲಸು ಎಲ್ಲವೂ ಮುಗಿದ ಮೇಲೆ ಮಕ್ಕಳದು ಒಂದೇ ಹಟ: ಮಲ್ಪೆಗೋ ಪಣಂಬೂರಿಗೋ ಹೋಗಿ ನೀರಿಗಿಳಿಯಬೇಕು. ಹಿರಿಯರಾದ ನಾವು ಆಕಾಶವನ್ನೊಮ್ಮೆ ನೋಡಿ ಒಪ್ಪಿಗೆ ಕೊಡುತ್ತೇವೆ. ಮೋಡವಿಲ್ಲ, ಬಿರುಗಾಳಿಯಿಲ್ಲ, ಇನ್ನೇನು ಭಯ? ಆದರೆ ಮೇ ತಿಂಗಳ ಕಡಲನ್ನು ಆಕಾಶ ನೋಡಿ ಅಳೆಯಲಾಗದು.

ಆ ದಿನಗಳಲ್ಲಿ ಕರಾವಳಿಯ ಹವೆ ಮೇಲ್ನೋಟಕ್ಕೆ ಸೌಮ್ಯವಾದುದೇ. ರಾತ್ರಿಯೆಲ್ಲ ನೆಲದಿಂದ ಕಡಲಿಗೆ ಬೀಸುವ ಮೆಲುಗಾಳಿ, ನೆಲ ಕಾದಂತೆ ದಿಕ್ಕು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಬರುತ್ತದೆ. ದಿಗಂತದಲ್ಲಿ ಕಾಣುವ ಬಿಳಿ ಪರದೆಯನ್ನು ಕೆಲವರು ಮಂಜು ಎನ್ನುವುದುಂಟು. ಅದು ಬಹುಮಟ್ಟಿಗೆ ತೇವ, ಉಪ್ಪು, ಧೂಳುಗಳ ಮಬ್ಬು. ಕಡಲಮಂಜು ಕವಿಯಬೇಕಾದರೆ ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ, ತೇವದ ಗಾಳಿ ಹಾಯಬೇಕು. ಕ್ಯಾಲಿಫೋರ್ನಿಯಾದ ತೀರದಲ್ಲಿ ಬೇಸಿಗೆಯ ಆರಂಭದಲ್ಲಿ ಹಾಗಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಅರಬ್ಬೀ ಸಮುದ್ರದ ಮೇಲ್ಮೈ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವುದರಿಂದ ಇಲ್ಲಿ ಅದಕ್ಕೆ ಅವಕಾಶ ಕಡಿಮೆ.

ಅಪಾಯ ಬರುವುದು ಬಹು ದೂರದಿಂದ. ನಮಗೆ ಬೇಸಿಗೆಯಾದಾಗ ಭೂಮಧ್ಯರೇಖೆಯ ಆಚೆ ಚಳಿಗಾಲ ಸಮೀಪಿಸುತ್ತಿರುತ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಚಂಡಮಾರುತಗಳು ಏಳುತ್ತವೆ. ಅಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಉತ್ತರಕ್ಕೆ ಹೊರಟು, ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಕೊಂಕಣ ರೈಲಿನ ನಡಿಗೆಯಲ್ಲಿ, ಸುಮಾರು ಒಂದು ವಾರ ಪ್ರಯಾಣ ಮಾಡಿ ಭಾರತದ ತೀರ ಮುಟ್ಟುತ್ತವೆ. ಆಳದ ಕಡಲಿನಲ್ಲಿ ಇವು ಕಣ್ಣಿಗೆ ಬೀಳುವುದೇ ಕಷ್ಟ. ದಡದ ಆಳವಿಲ್ಲದ ನೀರಿಗೆ ಬಂದಾಗ ಮಾತ್ರ ಎದ್ದು ನಿಲ್ಲುತ್ತವೆ. ಅದೇ ವೇಳೆಗೆ ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರವೂ ಸೇರಿದರೆ ನೀರು ತಗ್ಗಿನ ಮನೆಗಳ ಅಂಗಳಕ್ಕೂ ನುಗ್ಗುತ್ತದೆ.

ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಕನ್ನಡಿಗರಿಗೆ ಈ ಮಾತನ್ನು ಅನುವಾದಿಸಿ ಹೇಳಬೇಕಾಗಿಲ್ಲ. 2012ರಲ್ಲಿ ಯುನೆಸ್ಕೋ ಈ ಪದವನ್ನು ವೈಜ್ಞಾನಿಕ ಬಳಕೆಗೆ ಅಂಗೀಕರಿಸಿತು. ವಿಜ್ಞಾನಿಗಳು ಹೊಸ ಹೆಸರನ್ನು ಹುಡುಕದೆ ಬೆಸ್ತರ ಮಾತನ್ನೇ ಮಾನ್ಯಮಾಡಿದ್ದು ನಮಗಂತೂ ಮೆಚ್ಚುಗೆಯಾಯಿತು. 2024ರ ಮೇ ಆರಂಭದಲ್ಲಿ ಇಂಥ ಅಲೆಗಳ ಬಗ್ಗೆ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಎಚ್ಚರಿಕೆ ನೀಡಿತ್ತು. ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು.

ಇವು ಮೋಸ ಮಾಡುವ ಬಗೆಯನ್ನು ಮಕ್ಕಳಿಗೂ ತಿಳಿಸಿಕೊಡುವುದು ಒಳಿತು. ಸ್ಥಳೀಯ ಗಾಳಿಯಿಂದೇಳುವ ಅಲೆಗಳು ಐದಾರು ಸೆಕೆಂಡುಗಳಿಗೊಂದರಂತೆ ಬರುತ್ತವೆ. ದೂರದಿಂದ ಬಂದವು 15ರಿಂದ 20 ಸೆಕೆಂಡುಗಳ ಅಂತರದಲ್ಲಿ, ಅದೂ ಗುಂಪುಗುಂಪಾಗಿ ಬರುತ್ತವೆ. ಒಂದು ಗುಂಪು ದಾಟಿದ ಮೇಲೆ ಕೆಲವು ನಿಮಿಷ ಕಡಲು ಶಾಂತವಾಗಿ ತೋರುತ್ತದೆ. ಜನರು ಮುಂದೆ ಹೋಗುವುದು ಆಗಲೇ. ಆದುದರಿಂದ ದಡ ತಲುಪಿದೊಡನೆ ನೀರಿಗಿಳಿಯದೆ ಹದಿನೈದು ಇಪ್ಪತ್ತು ನಿಮಿಷ ಕುಳಿತು ನೋಡಬೇಕು. ಸಣ್ಣ ದೋಣಿಗಳನ್ನು ಎಂದಿಗಿಂತ ಮೇಲಕ್ಕೆ ಎಳೆದಿಟ್ಟಿದ್ದರೆ ಅಲ್ಲಿನ ಮೊಗವೀರ ಬಂಧುಗಳನ್ನು ಕಾರಣ ಕೇಳಬೇಕು. ಊರಿಗೆ ಹೊರಡುವ ಮೊದಲೇ ಇನ್‌ಕಾಯಿಸ್ ಜಾಲತಾಣದಲ್ಲಿ ಆಯಾ ಜಿಲ್ಲೆಯ ಅಲೆಗಳ ಮುನ್ಸೂಚನೆಯನ್ನೂ ನೋಡಿಕೊಳ್ಳಬಹುದು.

ಅಲೆಗಳು ತಂದ ನೀರು ಕಡಲಿಗೆ ಮರಳುವಾಗ ಕಿರಿದಾದ ಓಣಿಯಂತೆ ಹರಿಯುತ್ತದೆ. ಅಕ್ಕಪಕ್ಕದ ಅಲೆಗಳು ನೊರೆಯೊಡೆಯುವಾಗ ನಡುವೆ ನಯವಾಗಿ ಕಾಣುವ ಪಟ್ಟಿಯೇ ಹೆಚ್ಚಾಗಿ ಈ ಸೆಳೆತದ ಜಾಗ. ಸಿಕ್ಕಿಬಿದ್ದವರು ನೇರವಾಗಿ ದಡದತ್ತ ಈಜಲು ಹೋಗಿ ಬಳಲಬಾರದು. ಮೊದಲು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದತ್ತ ತಿರುಗಬೇಕು. ಈಜು ಬಾರದವರು ತೇಲುತ್ತಾ ಕೈಯೆತ್ತಿ ಕೂಗಬೇಕು. ದಡದಲ್ಲಿದ್ದವರು ಹಿಂದೆಯೇ ನೀರಿಗೆ ಹಾರದೆ ಹಗ್ಗ, ಟಯರು, ಖಾಲಿ ಕ್ಯಾನು ಹೀಗೆ ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕರೆಯಬೇಕು.