ಗೀಸರ್ ಲೈಟ್ ಉರೀತಿದೆ, ನೀರು ಮಾತ್ರ ತಣ್ಣಗೆ: ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ನೋಡಿ

ತುಮಕೂರು: ಬೆಳಗ್ಗೆ ಸ್ಕೂಲ್ ವ್ಯಾನ್ ಬರುವ ಹೊತ್ತು, ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ತಣ್ಣೀರು. ಹಂಡೆ ಒಲೆ ಇದ್ದ ಕಾಲದಲ್ಲಿ ಇನ್ನೆರಡು ತೆಂಗಿನ ಮಟ್ಟೆ ತುರುಕಿದ್ರೆ ಆಗ್ತಿತ್ತು. ಕರೆಂಟ್ ಗೀಸರ್ ಕೈಕೊಟ್ಟರೆ ಸುಮ್ಮನೆ ಬಿಚ್ಚೋಕೆ ಹೋಗಬೇಡಿ.

ಮೊದಲು ವೋಲ್ಟೇಜ್ ನೋಡಿ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯಾಗಲಿ, ನಗರದ ಬಡಾವಣೆಯಾಗಲಿ, ಫ್ಯಾನ್ ನಿಧಾನವಾಗಿ ತಿರುಗ್ತಾ ಇದ್ದರೆ ಗೀಸರ್ ಕೆಟ್ಟಿಲ್ಲದೆಯೂ ಇರಬಹುದು. 2,000 ವ್ಯಾಟ್‌ನ 15 ಲೀಟರ್ ಗೀಸರ್ 230 ವೋಲ್ಟ್ ಇದ್ದಾಗ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಸುಮಾರು 20 ನಿಮಿಷ ಸಾಕು. ವೋಲ್ಟೇಜ್ 170ಕ್ಕೆ ಇಳಿದರೆ ಅದೇ ಕಾಯಿಲ್ ಕೊಡೋದು ಬರೀ 1,100 ವ್ಯಾಟ್‌ನಷ್ಟು. ಅರ್ಧ ಗಂಟೆಗೂ ಹೆಚ್ಚು ಕಾಯಬೇಕು. ಅಕ್ಕಪಕ್ಕದ ಮನೆಯಲ್ಲೂ ಇದೇ ಕಥೆಯಾದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ.

ಲೈಟೇ ಉರೀತಿಲ್ಲವಾ? ಎಂಸಿಬಿ ಬಿದ್ದಿದೆಯಾ ನೋಡಿ. 16 ಆಂಪ್ ಸಾಕೆಟ್ ಕಪ್ಪಾಗಿದ್ದರೆ, ಪ್ಲಗ್ ಕರಗಿದ್ದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಅಸಲಿ ಕಾಟ ಗಡಸು ನೀರಿನದು. ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತಲ್ಲ, ಅದೇ ಸುಣ್ಣ ಗೀಸರ್ ಕಾಯಿಲ್ ಮೇಲೂ ಕಟ್ಟುತ್ತದೆ. ಶಾಖ ನೀರಿಗೆ ಸರಿಯಾಗಿ ದಾಟೋದಿಲ್ಲ, ಕಾಯಿಲ್ ಒಳಗೊಳಗೇ ಕಾದು ಸುಟ್ಟುಹೋಗುತ್ತದೆ. ಆನ್ ಮಾಡಿದಾಗ ಒಳಗೆ ಕಟಕಟ, ಗೊರಗೊರ ಸದ್ದು ಬರ್ತಿದ್ದರೆ ಸುಣ್ಣ ಕಟ್ಟಿದೆ ಅಂತಲೇ ಲೆಕ್ಕ. ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ ನಿಜ, ಆದರೆ ಸಂಪಿಗೆ ಬೋರ್ ನೀರನ್ನೂ ಬಿಡುವ ಮನೆಗಳಿಗೆ ಇದು ತಪ್ಪಿದ್ದಲ್ಲ. ವರ್ಷಕ್ಕೊಮ್ಮೆ ಟ್ಯಾಂಕ್ ಬಿಚ್ಚಿಸಿ ಸುಣ್ಣ ತೆಗೆಸಿ. ಜೊತೆಗಿರುವ ಆನೋಡ್ ರಾಡ್ ಸವೆದಿದ್ದರೆ ಬದಲಿಸಲು ಹೇಳಿ; ಟ್ಯಾಂಕ್‌ಗೆ ತುಕ್ಕು ಹಿಡಿಯೋ ಬದಲು ಅದು ತಾನು ಸವೆಯುತ್ತದೆ.

ಇನ್ನು ಕಟ್-ಔಟ್ ವಿಚಾರ. ನೀರು ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವ ಸಣ್ಣ ಸಾಧನವದು. ಬಹಳಷ್ಟು ಗೀಸರ್‌ಗಳಲ್ಲಿ ಅದನ್ನು ಒಳಗಿನ ಬಟನ್ ಒತ್ತಿ ಸರಿಮಾಡಬಹುದು, ಮೇನ್ ಆಫ್ ಮಾಡಿದ ಮೇಲೆ ಮೆಕ್ಯಾನಿಕ್ ಕೈಯಲ್ಲೇ. ಮತ್ತೆ ಮತ್ತೆ ಬೀಳ್ತಿದೆ ಅಂದ್ರೆ ಥರ್ಮೋಸ್ಟಾಟ್ ಕೆಟ್ಟಿರಬಹುದು. ಆಗ "ಡೈರೆಕ್ಟ್ ಮಾಡಿಕೊಡ್ತೀನಿ ಸಾರ್, ಖರ್ಚಿಲ್ಲ" ಅಂದರೆ ಒಪ್ಪಲೇಬೇಡಿ. ಕಟ್-ಔಟ್ ತಪ್ಪಿಸಿ ವೈರ್ ಜೋಡಿಸಿದರೆ ನೀರು ಕುದಿಯುತ್ತಲೇ ಇರುತ್ತದೆ. ಸೇಫ್ಟಿ ವಾಲ್ವ್‌ನಲ್ಲೂ ಸುಣ್ಣ ಕಟ್ಟಿದ್ದರೆ ಆವಿಗೆ ದಾರಿಯಿಲ್ಲದೆ ಟ್ಯಾಂಕ್ ಸಿಡಿಯಬಹುದು. ನಲ್ಲಿ ಮುಟ್ಟಿದಾಗ ಜುಮ್ ಅಂದರೂ ಅಷ್ಟೇ: ಕಾಯಿಲ್ ಬಿರುಕು ಬಿಟ್ಟು ನೀರಿಗೆ ಕರೆಂಟ್ ಇಳಿದಿರಬಹುದು, ಅರ್ಥಿಂಗೂ ಸರಿಯಿಲ್ಲ. ಆ ಗೀಸರ್ ಮತ್ತೆ ಹಾಕಬೇಡಿ.

ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ ಸೆಲ್ ಬದಲಿಸಿ, ನೀರಿನ ಒತ್ತಡ ನೋಡಿ. ಉರಿ ಹಳದಿಯಾಗಿದ್ದರೆ ತಕ್ಷಣ ಆಫ್ ಮಾಡಿ. ಬಾಗಿಲು, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದರ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ.

ಮೆಕ್ಯಾನಿಕ್ ಬಂದಾಗ "ಕಾಯಿಲ್ ಹೋಗಿದೆ" ಅಂದರೆ ಮೀಟರ್ ಇಟ್ಟು ತೋರಿಸಿ ಅನ್ನಿ. 2,000 ವ್ಯಾಟ್ ಕಾಯಿಲ್ ಚೆನ್ನಾಗಿದ್ದರೆ 26 ಓಮ್ ಆಸುಪಾಸು ತೋರಿಸಬೇಕು. ಅಷ್ಟು ತೋರಿಸಿದರೆ ಹೊಸ ಕಾಯಿಲ್‌ಗೆ ದುಡ್ಡು ಕೊಡುವ ಮುನ್ನ ಥರ್ಮೋಸ್ಟಾಟ್ ನೋಡಿಸಿ.